ಷೋಕೇಸಿನ ತಟ್ಟೆ, ಟ್ರಂಕಿನ ಬಟ್ಟೆ

ಪ್ರಶ್ನೆ: ನಾವು ಮೈಸೂರಿನವರು. ನಮ್ಮ ಮಾವನವರ ಅಜ್ಜ ಯಾವುದೋ ಬಂಗಲೆಯ ಹರಾಜಿನಲ್ಲಿ ಕೊಂಡು ತಂದ ಎರಡು ವಸ್ತುಗಳು ಮನೆಯಲ್ಲಿವೆ. ಒಂದು ಪಿಂಗಾಣಿ ತಟ್ಟೆ. ಅಂಚೆಲ್ಲ ಹಸಿರು ಬೆರೆತ ನೀಲಿ, ಅದರ ಮೇಲೆ ಚಿನ್ನದ ಬಳ್ಳಿ, ಹಸಿರು ಎಲೆ. ನಡುವೆ ಎತ್ತರಕ್ಕೆ ಕೂದಲು ಕಟ್ಟಿದ ರಾಣಿಯ ಚಿತ್ರ, ಹಿಂದೆ ಮೇರಿ ಆಂಟೊನೆಟ್ ಎಂಬ ಹೆಸರು. ಹಿಂಭಾಗದಲ್ಲೇ ನೀಲಿ ಬಣ್ಣದಲ್ಲಿ ಎರಡು ಎಲ್ ಅಕ್ಷರ ಒಂದಕ್ಕೊಂದು ಹೆಣೆದುಕೊಂಡಿವೆ, ಮಧ್ಯೆ ‘ಬಿ’ ಇದೆ. ಪಕ್ಕದಲ್ಲಿ ‘ಶಾತೊ ದೆ ತ್ವಿಲರಿ’ ಅಂತ ಕೆಂಪು ಮುದ್ರೆ. ಫ್ರಾನ್ಸಿನ ರಾಜ ಟಿಪ್ಪು ಸುಲ್ತಾನನಿಗೆ ಕಳಿಸಿದ್ದು ಇದು ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಇನ್ನೊಂದು, ಸುಮಾರು ಆರು ಅಡಿಗೆ ನಾಲ್ಕು ಅಡಿಯ ದಪ್ಪ ಬಟ್ಟೆ. ಕಾಡು, ಹಕ್ಕಿ, ದೂರದಲ್ಲೊಂದು ಗೋಪುರ ಇದೆ. ಮರಗಳೆಲ್ಲ ನೀಲಿ! ಮಾವ ಇದನ್ನು ‘ಗೋಬೆಲಿನ್’ ಅಂತಾರೆ. ಅಲ್ಲಲ್ಲಿ ಸೀಳಿದೆ, ನುಸಿ ತಿಂದಿದೆ. ಡ್ರೈಕ್ಲೀನ್ ಮಾಡಿಸಿ, ಮಾಸಿದ ಕಡೆ ಫ್ಯಾಬ್ರಿಕ್ ಪೇಂಟ್ ಹಚ್ಚಿಸಿ ಹಾಲ್‌ನಲ್ಲಿ ಹಾಕೋಣ ಅಂತಿದ್ದೇವೆ. ತಟ್ಟೆಯ ಅಂಚಿನ ಬಿರುಕನ್ನು ಅಂಟಿಸಿಕೊಡ್ತೀನಿ ಅಂತ ಒಬ್ಬರು ಹೇಳಿದ್ದಾರೆ. ಲಂಡನ್‌ನಲ್ಲಿರುವ ಮಗ ಮುಂದಿನ ತಿಂಗಳು ಬರ್ತಾನೆ, ತಟ್ಟೆಯನ್ನು ಸೂಟ್‌ಕೇಸಿನಲ್ಲಿ ಒಯ್ದು ಅಲ್ಲಿ ತೋರಿಸುತ್ತಾನಂತೆ. ಇವು ಅಸಲಿಯಾ? ಯಾವುದಕ್ಕೆ ದುಡ್ಡು ಹಾಕಬೇಕು?

ಉತ್ತರ: ಮೊದಲು ಅವಸರದ ಮಾತು. ಬಟ್ಟೆಯನ್ನು ಡ್ರೈಕ್ಲೀನಿಂಗ್‌ಗೆ ಕೊಡಬೇಡಿ. ಪೇಂಟ್ ಹಚ್ಚಿಸಬೇಡಿ. ತಟ್ಟೆಯನ್ನು ಅಂಟಿಸುವವರಿಗೆ ಕೊಡಬೇಡಿ, ಮಗನ ಸೂಟ್‌ಕೇಸಿಗೂ ಹಾಕಬೇಡಿ. ಈ ನಾಲ್ಕರಲ್ಲಿ ಯಾವುದಾದರೂ ಈಗಾಗಲೇ ಗೊತ್ತು ಮಾಡಿದ್ದರೆ ಇವತ್ತೇ ಫೋನ್ ಮಾಡಿ ನಿಲ್ಲಿಸಿ. ಕಾರಣ ಒಂದೊಂದಾಗಿ ಹೇಳ್ತೀನಿ.

ನೀವು ಕಳಿಸಿದ ಫೋಟೋಗಳನ್ನು ಎರಡು ದಿನ ಕೂತು ನೋಡಿದೆ. ಹಿಂಭಾಗದ ಫೋಟೋಗಳನ್ನೂ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದದ್ದನ್ನೂ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಹೆಚ್ಚಿನವರು ಮುಂಭಾಗ ಮಾತ್ರ ಕಳಿಸುತ್ತಾರೆ. ಫೋಟೋ ನೋಡಿ ಕೊನೆಯ ತೀರ್ಪು ಕೊಡೋದಕ್ಕೆ ಆಗಲ್ಲ, ಆದರೆ ನಿಮ್ಮ ವಿಷಯದಲ್ಲಿ ಸಾಕಷ್ಟು ಹೇಳಬಹುದು.

ಟಿಪ್ಪುವಿನ ಕಥೆಯಿಂದ ಶುರು ಮಾಡೋಣ. ಆ ಕಥೆಗೆ ಬುಡವಿಲ್ಲ ಅಂತ ನಾನು ಹೇಳೋದಿಲ್ಲ. ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1788ರಲ್ಲಿ ಪ್ಯಾರಿಸ್‌ಗೆ ಹೋಗಿದ್ದು ನಿಜ. ಆ ವರ್ಷದ ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನು ಕಂಡರು. ಪ್ಯಾರಿಸ್ ಬಳಿಯ ಸೆವ್ರ್ ಊರಿನ ರಾಜರ ಪಿಂಗಾಣಿ ಕಾರ್ಖಾನೆಯನ್ನೂ ನೋಡಿ ಬಂದರು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೇಳಲು ಹೋದವರು ಅವರು. ಅದು ಸಿಗಲಿಲ್ಲ. ಸಿಕ್ಕಿದ್ದು ಮರ್ಯಾದೆ, ಕುಶಲಕರ್ಮಿಗಳು, ಜೊತೆಗೆ ಸೆವ್ರ್ ಪಿಂಗಾಣಿಯ ಕಾಣಿಕೆ. ಹಾಗಾಗಿ ಒಂದು ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಅಸಲಿ ಸೆವ್ರ್ ಇತ್ತು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯ ಒಡವೆ ವಸ್ತುಗಳು ಸೈನ್ಯದವರ ಪಾಲಾಗಿ ಚೆಲ್ಲಾಪಿಲ್ಲಿಯಾದವು. ನಿಮ್ಮ ಮನೆಯವರು ಸುಮ್ಮನೆ ಕಥೆ ಕಟ್ಟಿಲ್ಲ. ಒಂದು ನಿಜವಾದ ಘಟನೆಗೆ ಒಂದು ಬೇರೆ ತಟ್ಟೆಯನ್ನು ಜೋಡಿಸಿದ್ದಾರೆ, ಅಷ್ಟೇ.

ಬೇರೆ ತಟ್ಟೆ ಅಂತ ಯಾಕೆ ಹೇಳ್ತೀನಿ? ಆ ‘ಬಿ’ ಅಕ್ಷರ ನೋಡಿ. ಹೆಣೆದುಕೊಂಡ ಎರಡು ಎಲ್ ಎಂದರೆ ಲೂಯಿ ರಾಜರ ಗುರುತು. ಅದರ ನಡುವೆ ಬರೆಯುವ ಅಕ್ಷರ ವರ್ಷವನ್ನು ಹೇಳುತ್ತದೆ. 1753ಕ್ಕೆ ಎ, 1754ಕ್ಕೆ ಬಿ, ಹೀಗೆ ಸಾಗಿ 1777ಕ್ಕೆ ಝಡ್ ಬರುತ್ತದೆ. 1778ರಿಂದ ಅಕ್ಷರವನ್ನು ಜೋಡಿ ಮಾಡಿ ಎಎ, ಬಿಬಿ ಅಂತ ಬರೆದರು. ಅಂದರೆ ನಿಮ್ಮ ತಟ್ಟೆಯ ಗುರುತು ಹೇಳುತ್ತಿರುವುದು 1754. ತಟ್ಟೆಯ ಮೇಲಿರುವ ರಾಣಿ, ಹದಿನಾರನೇ ಲೂಯಿಯ ಹೆಂಡತಿ, ಹುಟ್ಟಿದ್ದು 1755ರ ನವೆಂಬರ್‌ನಲ್ಲಿ, ವಿಯೆನ್ನಾದಲ್ಲಿ. ಮದುವೆಯಾಗಿ ಫ್ರಾನ್ಸಿಗೆ ಬಂದದ್ದು 1770ರಲ್ಲಿ. ಹುಟ್ಟುವ ಮೊದಲೇ ಅವಳ ಚಿತ್ರ ಬರೆಯಲು ಸಾಧ್ಯವಿಲ್ಲ ಅಲ್ವಾ? ಇನ್ನೂ ಒಂದಿದೆ. 1754ರಲ್ಲಿ ಕಾರ್ಖಾನೆ ಸೆವ್ರ್‌ಗೆ ಬಂದೇ ಇರಲಿಲ್ಲ. 1740ರಲ್ಲಿ ಅದು ಶುರುವಾಗಿದ್ದು ಪ್ಯಾರಿಸ್ಸಿನ ಇನ್ನೊಂದು ಪಕ್ಕದ ವಿನ್ಸೆನ್ ಕೋಟೆಯೊಳಗೆ. ಸೆವ್ರ್‌ಗೆ ಸ್ಥಳಾಂತರವಾಗಿದ್ದು 1756ರಲ್ಲಿ. ಮೂರು ವರ್ಷ ಬಿಟ್ಟು ಹದಿನೈದನೇ ಲೂಯಿ ಅದನ್ನು ಪೂರ್ತಿ ತನ್ನದೇ ಮಾಡಿಕೊಂಡ.

ಕೆಂಪು ಮುದ್ರೆಯೂ ಇದಕ್ಕೆ ಹೊಂದುವುದಿಲ್ಲ. ತ್ವಿಲರಿ ಅರಮನೆಯ ಆ ಬಗೆಯ ಮುದ್ರೆ 1830ರ ನಂತರ ಆಳಿದ ಲೂಯಿ ಫಿಲಿಪ್ ರಾಜನ ಕಾಲದ್ದು. ಒಂದೇ ತಟ್ಟೆಯ ಹಿಂದೆ 1754ರ ಗುರುತು, 1830ರ ದಶಕದ ಮುದ್ರೆ, ಮುಂದೆ ಈ ಎರಡರ ನಡುವಿನ ಕಾಲದ ರಾಣಿ. ಮೂವರು ಸಾಕ್ಷಿಗಳು ಮೂರು ಬೇರೆ ಕಥೆ ಹೇಳಿದ ಹಾಗೆ.

ಇಷ್ಟಾದರೂ ಗುರುತನ್ನು ನಂಬಿ ನಾನು ತೀರ್ಮಾನಕ್ಕೆ ಬರೋದಿಲ್ಲ. ನಿಮ್ಮ ತಟ್ಟೆ ವಿಷಯದಲ್ಲಿ ನನಗೆ ನಿಜವಾಗಿ ದಾರಿ ತೋರಿಸಿದ್ದು ಏಳನೇ ಫೋಟೋ, ಅಂಚಿನಲ್ಲಿ ಚಕ್ಕೆ ಎದ್ದ ಜಾಗ. ಅದನ್ನು ದೊಡ್ಡದು ಮಾಡಿ ನೋಡಿದೆ. ಒಳಗಿನ ಮೈ ಕಲ್ಲುಸಕ್ಕರೆ ಒಡೆದ ಹಾಗೆ ನುಣ್ಣಗೆ, ಗಾಜಿನ ಹಾಗೆ ಹೊಳೆಯುತ್ತಿದೆ. 1754ರ ಪಿಂಗಾಣಿ ಹಾಗೆ ಒಡೆಯುವುದಿಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚು ಮುರಿದಾಗ ಒಳಗೆ ತರಿತರಿ ಕಾಣುತ್ತಲ್ಲ, ಅದು ಕಾಣುವುದು ಹಾಗೆ.

ಈ ವ್ಯತ್ಯಾಸದ ಹಿಂದೆ ದೊಡ್ಡ ಕಥೆಯಿದೆ. ಚೀನಾದ ಪಿಂಗಾಣಿಗೆ ಬೇಕಾದ ಬಿಳಿ ಜೇಡಿ, ಕೆಯೋಲಿನ್, ಫ್ರೆಂಚರಿಗೆ ಬಹಳ ಕಾಲ ಸಿಗಲೇ ಇಲ್ಲ. ಅದಿಲ್ಲದೆ ಪಿಂಗಾಣಿಯಂತೆ ಕಾಣುವ ಒಂದು ಮೈಯನ್ನು ಅವರೇ ಹುಡುಕಿಕೊಂಡರು. ಮರಳು, ಪೆಟ್ಲುಪ್ಪು, ಉಪ್ಪು, ಪಟಿಕದಂಥ ವಸ್ತುಗಳನ್ನು ಕಾಯಿಸಿ ಗಾಜಿನ ಹಾಗೆ ಕರಗಿಸಿ, ಪುಡಿ ಮಾಡಿ, ಸುಣ್ಣ ಬೆರೆತ ಮಣ್ಣಿನೊಂದಿಗೆ ಕಲಸಿ ತಟ್ಟೆ ಮಾಡುತ್ತಿದ್ದರು. ಮೇಲೆ ಸೀಸದ ಮೆರುಗು. ಇದು ‘ಮೆದು’ ಪಿಂಗಾಣಿ. ಆವಿಗೆಯಲ್ಲಿ ಬಾಗುತ್ತಿತ್ತು, ಬಿರಿಯುತ್ತಿತ್ತು, ಹಾಳಾಗುತ್ತಿದ್ದದ್ದೇ ಜಾಸ್ತಿ. ಆದರೆ ಉಳಿದು ಬಂದದ್ದರ ಅಂದವನ್ನು ನಾನು ಏನೆಂದು ಹೇಳಲಿ! ಬಣ್ಣ ಆ ಸೀಸದ ಮೆರುಗಿನೊಳಗೆ ಕರಗಿ ಇಳಿಯುತ್ತದೆ. ಬೆಣ್ಣೆಯಲ್ಲಿ ಬಣ್ಣ ಕಲಸಿದ ಹಾಗೆ ಕಾಣುತ್ತದೆ. 1753ರಲ್ಲಿ ಎಲೋ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದ ‘ಆಕಾಶ ನೀಲಿ’ ಈ ಮೈ ಮೇಲೆ ಮಾತ್ರ ಹಾಗೆ ಆಳವಾಗಿ ಕಾಣುತ್ತದೆ. ನಿಮ್ಮ ತಟ್ಟೆಯ ಅಂಚಿನ ಬಣ್ಣ ಅದರದೇ ನಕಲು.

1768ರಲ್ಲಿ ಲಿಮೋಜ್ ಊರಿನ ಹತ್ತಿರ ಸೆಂತ್ ಈರಿಯೆ ಎಂಬಲ್ಲಿ ಕೆಯೋಲಿನ್ ಸಿಕ್ಕಿತು. ಅದರಿಂದ ‘ಗಟ್ಟಿ’ ಪಿಂಗಾಣಿ ಶುರುವಾಯಿತು. ಸುಮಾರು 1,400 ಡಿಗ್ರಿ ಶಾಖದಲ್ಲಿ ಸುಟ್ಟಿದ್ದು, ಚಾಕು ತಾಗಿದರೂ ಗೀರು ಬೀಳದು. ಬಣ್ಣ ಒಳಗೆ ಇಳಿಯದೆ ಮೇಲೆಯೇ ಕೂರುತ್ತದೆ. ನಿಮ್ಮ ತಟ್ಟೆಯ ಮೈ ಈ ಗಟ್ಟಿ ಜಾತಿಯದ್ದು. ಗುರುತು ಹೇಳುವ ವರ್ಷದಲ್ಲಿ ಈ ಮೈಯೇ ಫ್ರಾನ್ಸಿನ ರಾಜರ ಕಾರ್ಖಾನೆಯಲ್ಲಿ ಇರಲಿಲ್ಲ.

ಹಾಗಾದರೆ ಇದನ್ನು ಮಾಡಿದವರು ಯಾರು? ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನ ಖಾಸಗಿ ಚಿತ್ರಕಾರರ ಕೆಲಸ ಅಂತ ನನ್ನ ಅಂದಾಜು. ಫ್ರೆಂಚ್ ಕ್ರಾಂತಿಯ ನಂತರ, 1800ರಲ್ಲಿ, ಅಲೆಕ್ಸಾಂಡ್ರ್ ಬ್ರೋನ್ಯಾರ್ ಎಂಬ ವಿಜ್ಞಾನಿ ಸೆವ್ರ್‌ನ ಯಜಮಾನಿಕೆ ವಹಿಸಿಕೊಂಡ. ಕಾರ್ಖಾನೆ ಸಾಲದಲ್ಲಿತ್ತು. ಅವನು ಮೆದು ಪಿಂಗಾಣಿ ಮಾಡುವುದನ್ನು ನಿಲ್ಲಿಸಿದ, ಉಗ್ರಾಣದಲ್ಲಿ ಬಿದ್ದಿದ್ದ, ಚಿತ್ರ ಬರೆಯದ ಬಿಳಿ ಪಾತ್ರೆಗಳನ್ನು ರಾಶಿ ರಾಶಿ ಮಾರಿದ. ಕೊಂಡವರು ಅವುಗಳ ಮೇಲೆ ಹಳೆಯ ಶೈಲಿಯಲ್ಲಿ ಚಿತ್ರ, ಚಿನ್ನ ಹಾಕಿ ‘ಹಳೆಯ ಸೆವ್ರ್’ ಅಂತ ಮಾರತೊಡಗಿದರು. ಆ ದಾಸ್ತಾನು ಸಾಲದೆ ಬಂದಾಗ ಬೇರೆ ಕಾರ್ಖಾನೆಗಳ ಬಿಳಿ ತಟ್ಟೆ ತಂದು, ಗುರುತನ್ನೂ ತಾವೇ ಬರೆದರು. ಕ್ರಾಂತಿಯಲ್ಲಿ ತಲೆ ಕಳೆದುಕೊಂಡ ರಾಣಿಯ ಬಗ್ಗೆ ಜನರಿಗೆ ಮರುಕವಿತ್ತು, ಅವಳ ಚಿತ್ರದ ತಟ್ಟೆಗೆ ಕೊಳ್ಳುವವರು ಬಹಳ. ಒಂದು ಮಾತು ನೆನಪಿಡಿ: ಹದಿನೆಂಟನೇ ಶತಮಾನದ ಸೆವ್ರ್ ಊಟದ ತಟ್ಟೆಯ ನಡುವೆ ಸಾಮಾನ್ಯವಾಗಿ ಇರುವುದು ಹೂವು, ಹಣ್ಣು, ಹಕ್ಕಿ. ರಾಜಮನೆತನದ ಹೆಂಗಸರ ಭಾವಚಿತ್ರ, ಹಿಂದೆ ಅವರ ಹೆಸರು ಕಂಡರೆ ನನ್ನಂಥವರು ಮೊದಲು ಅನುಮಾನ ಪಡುತ್ತೇವೆ.

ಪ್ರಯೋಗಾಲಯದಲ್ಲಿ ಖಾತ್ರಿ ಮಾಡಿಕೊಳ್ಳುವ ದಾರಿಯೂ ಇದೆ. ಬಳ್ಳಿಯ ಎಲೆಗಳ ಹಸಿರನ್ನು ಎಕ್ಸ್‌ರೇ ಯಂತ್ರದಿಂದ, ಚೂರೂ ಕೆರೆಯದೆ, ಪರೀಕ್ಷೆ ಮಾಡಬಹುದು. ಅದರಲ್ಲಿ ಕ್ರೋಮಿಯಂ ಕಂಡರೆ ಮಾತು ಮುಗಿಯಿತು. ಆ ಲೋಹವನ್ನು ವೋಕ್ಲೆ ಎಂಬ ಫ್ರೆಂಚ್ ವಿಜ್ಞಾನಿ ಕಂಡುಹಿಡಿದದ್ದೇ 1797ರಲ್ಲಿ. ಪಿಂಗಾಣಿಯ ಬಣ್ಣವಾಗಿ ಅದು ಬಳಕೆಗೆ ಬಂದದ್ದು ಅದಕ್ಕೂ ಆಮೇಲೆ. ಹದಿನೆಂಟನೇ ಶತಮಾನದ ಹಸಿರಿಗೆ ತಾಮ್ರವೇ ಆಧಾರ.

ಇಷ್ಟು ಹೇಳಿದ ಮೇಲೆ ಮಾವನವರಿಗೆ ಬೇಜಾರಾಗಬಹುದು. ಆದರೆ ಆ ತಟ್ಟೆಯನ್ನು ಮೂಲೆಗೆ ಹಾಕಬೇಡಿ. ರಾಣಿಯ ಕುತ್ತಿಗೆಯ ಬಳಿ ನೆರಳನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟಿದ್ದಾರಲ್ಲ, ಅದು ಪಳಗಿದ ಕೈ. ನೂರು ವರ್ಷಕ್ಕೂ ಹಿಂದಿನ, ಕೈಯಿಂದ ಚಿತ್ರಿಸಿದ, ನಿಜವಾದ ಚಿನ್ನ ಹಾಕಿದ ವಸ್ತು. ಅದಕ್ಕೂ ಕೊಳ್ಳುವವರಿದ್ದಾರೆ, ಅದಕ್ಕೂ ಒಂದು ಬೆಲೆಯಿದೆ. ಅಸಲಿ ವಿನ್ಸೆನ್ ತಟ್ಟೆಯ ಬೆಲೆ ಮಾತ್ರ ಅಲ್ಲ.

ಬಿರುಕಿನ ವಿಷಯ. ಮನೆಗೆ ಬಂದು ಅಂಟಿಸುವವರು ಬಳಸುವುದು ಹೆಚ್ಚಾಗಿ ಎರಡು ಟ್ಯೂಬಿನ ಎಪಾಕ್ಸಿ ಗೋಂದು. ಈಗ ಕಾಣುವುದಿಲ್ಲ, ಕೆಲವು ವರ್ಷ ಹೋದರೆ ಹಳದಿ ಗೆರೆಯಾಗಿ ಎದ್ದು ಕಾಣುತ್ತದೆ. ಅದನ್ನು ಬಿಡಿಸುವುದು ಬಹಳ ಕಷ್ಟ, ಬಿಡಿಸುವಾಗ ಚಿನ್ನವೂ ಏಳಬಹುದು. ಗೆರೆ ಮುಚ್ಚಲು ಅಕ್ಕಪಕ್ಕಕ್ಕೂ ಬಣ್ಣ ಬಳಿಯುತ್ತಾರೆ, ಆಗ ಒಳ್ಳೆಯ ಭಾಗವೂ ಮರೆಯಾಗುತ್ತದೆ. ನಿಮ್ಮದು ಒಂದೂವರೆ ಇಂಚಿನ ಕೂದಲೆಳೆ ಬಿರುಕು. ಅದಕ್ಕೆ ಈಗ ಏನೂ ಮಾಡಬೇಕಾಗಿಲ್ಲ. ಆದರೆ ಷೋಕೇಸಿನಲ್ಲಿ ತಟ್ಟೆಯನ್ನು ತೂಗು ಹಾಕಿರುವ ಸ್ಪ್ರಿಂಗ್ ಕೊಕ್ಕೆಯನ್ನು ತೆಗೆದುಬಿಡಿ. ಅದು ಹಗಲು ರಾತ್ರಿ ಅಂಚನ್ನು ಒಳಕ್ಕೆ ಎಳೆಯುತ್ತಿದೆ, ಬಿರುಕು ಬೆಳೆಯುತ್ತಿರುವುದು ಅದರಿಂದಲೇ ಇರಬೇಕು. ಷೋಕೇಸಿನೊಳಗೇ ಮರದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಒರೆಸಲು ಮೆತ್ತನೆ ಬ್ರಷ್ ಸಾಕು. ಹುಣಸೆಹಣ್ಣು, ಸೋಪು, ಬ್ಲೀಚ್ ಯಾವುದೂ ಬೇಡ. ಹಬ್ಬಕ್ಕೆ ಅದರಲ್ಲಿ ಸಿಹಿ ಇಟ್ಟು ಹಂಚುತ್ತೇವೆ ಅಂತ ಬರೆದಿದ್ದೀರಿ, ಅದನ್ನೂ ನಿಲ್ಲಿಸಿ. ಮೆರುಗಿನ ಮೇಲೆ ಕೂರಿಸಿದ ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತದೆ.

ಈಗ ಬಟ್ಟೆ. ನಾನು ಖುಷಿಪಟ್ಟಿದ್ದು ಇದನ್ನು ನೋಡಿ.

ನೀವು ಷೋಕೇಸಿನಲ್ಲಿಟ್ಟು ಮೂರು ತಲೆಮಾರು ಕಾಪಾಡಿದ್ದು ತಟ್ಟೆಯನ್ನು. ಟ್ರಂಕಿನಲ್ಲಿ ಮಡಚಿ ಹಾಕಿದ್ದು ಈ ಬಟ್ಟೆಯನ್ನು. ನನ್ನ ಕಣ್ಣಿಗೆ ಹೆಚ್ಚು ಬೆಲೆಯುಳ್ಳದ್ದು ಟ್ರಂಕಿನಲ್ಲಿರುವುದೇ.

‘ಗೋಬೆಲಿನ್’ ಎಂಬ ಮಾತನ್ನು ಮೊದಲು ಬಿಡಿಸೋಣ. ಗೋಬ್ಲಾ ಎಂಬುದು ಪ್ಯಾರಿಸ್ಸಿನ ಬಿಯೆವ್ರ್ ಎಂಬ ಸಣ್ಣ ಹೊಳೆಯ ದಂಡೆಯಲ್ಲಿದ್ದ ಒಂದು ಮನೆತನದ ಹೆಸರು. ಅವರು ನೇಕಾರರಲ್ಲ, ಬಣ್ಣಗಾರರು. 1662ರಲ್ಲಿ ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ ಆ ಜಾಗವನ್ನು ರಾಜನಿಗಾಗಿ ಕೊಂಡು, ಊರಿನ ನೇಕಾರರನ್ನೆಲ್ಲ ಅಲ್ಲಿಗೆ ಸೇರಿಸಿದ. ಚಿತ್ರಕಾರ ಲ ಬ್ರನ್ ಮೇಲ್ವಿಚಾರಕನಾದ. ಅಲ್ಲಿ ನೇಯ್ದದ್ದು ರಾಜನ ಅರಮನೆಗೆ, ರಾಜ ಕೊಡುವ ಕಾಣಿಕೆಗೆ. ಅಂಗಡಿಯಲ್ಲಿ ಕೊಳ್ಳುವ ಮಾಲು ಅದಲ್ಲ. ಆದರೆ ಹೆಸರು ಎಷ್ಟು ದೊಡ್ಡದಾಯಿತೆಂದರೆ, ಯೂರೋಪಿನ ಹಲವು ಭಾಷೆಗಳಲ್ಲಿ ಯಾವ ಟ್ಯಾಪೆಸ್ಟ್ರಿಗೂ, ಅಂದರೆ ಚಿತ್ರ ನೇಯ್ದ ಗೋಡೆ ಬಟ್ಟೆಗೂ, ‘ಗೋಬೆಲಿನ್’ ಎನ್ನುವ ರೂಢಿ ಬಂತು. ಯಂತ್ರದಲ್ಲಿ ನೇಯ್ದ ಗೋಡೆ ಬಟ್ಟೆಗೂ ಅದೇ ಹೆಸರು. ಹಾಗಾಗಿ ಹೆಸರಿನಿಂದ ಏನೂ ಗೊತ್ತಾಗಲ್ಲ.

ಹಿಂಭಾಗ ನೋಡಿದರೆ ಗೊತ್ತಾಗುತ್ತದೆ. ಕಸೂತಿ ಸೀರೆ ಕೊಳ್ಳುವಾಗ ನೀವು ಸೆರಗನ್ನು ತಿರುವಿ ನೋಡ್ತೀರಲ್ಲ, ಹಾಗೆ. ಯಂತ್ರದ ಜಕಾರ್ಡ್ ಬಟ್ಟೆಯಲ್ಲಿ ಬಣ್ಣದ ಹೊಕ್ಕಿನ ನೂಲು, ಅಂದರೆ ಮಗ್ಗದ ಅಡ್ಡ ಎಳೆ, ಈ ಅಂಚಿನಿಂದ ಆ ಅಂಚಿನವರೆಗೆ ಓಡುತ್ತದೆ. ಮುಂದೆ ಬೇಡವಾದ ಕಡೆ ಹಿಂದಕ್ಕೆ ಹೋಗಿ ಅಡಗುತ್ತದೆ, ಹಿಂಭಾಗವೆಲ್ಲ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಕೈಯಿಂದ ನೇಯ್ದ ಟ್ಯಾಪೆಸ್ಟ್ರಿಯಲ್ಲಿ ನೇಕಾರ ಒಂದೊಂದು ಬಣ್ಣವನ್ನೂ ಅದಕ್ಕೆ ಬೇಕಾದ ಜಾಗದಲ್ಲಷ್ಟೇ ಹಿಂದೆ ಮುಂದೆ ಓಡಿಸಿ, ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗುತ್ತಾನೆ. ಹಿಂದೆ ನೂಲಿನ ತುದಿಗಳು ಜೋತಾಡುತ್ತಿರುತ್ತವೆ, ಮುಂದಿನ ಚಿತ್ರವೇ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಬದಲಾಗಿ ಇರುತ್ತದೆ. ನಿಮ್ಮ ಹತ್ತನೇ ಫೋಟೋದಲ್ಲಿ, ಒಳಗಿನ ಲೈನಿಂಗ್ ಬಿಚ್ಚಿಕೊಂಡ ಕಡೆ, ಹಕ್ಕಿಯ ರೆಕ್ಕೆಯ ಹಿಂದೆ ಇದ್ದದ್ದು ಇದೇ. ಅಲ್ಲಿ ಬೆಳಕು ಬೀಳದೆ ಬಣ್ಣ ಹಾಗೇ ಉಳಿದಿದೆ. ಮುಂದೆ ನೀಲಿಯಾಗಿ ಕಾಣುವ ಎಲೆ ಹಿಂದೆ ಗಾಢ ಹಸಿರು.

ನಿಮ್ಮ ‘ನೀಲಿ ಮರ’ಗಳ ಗುಟ್ಟು ಇದು. ನೇಕಾರ ನೀಲಿ ಮರ ನೇಯಲಿಲ್ಲ. ಆಗ ಹಸಿರಿಗೆಂದೇ ಒಂದು ಒಳ್ಳೆಯ ಬಣ್ಣ ಇರಲಿಲ್ಲ. ಉಣ್ಣೆಯನ್ನು ನೀಲಿಯಲ್ಲಿ ಅದ್ದಿ, ವೆಲ್ಡ್ ಎಂಬ ಗಿಡದ ಹಳದಿಯಲ್ಲೂ ಅದ್ದಿ ಹಸಿರು ತರುತ್ತಿದ್ದರು. ನೀಲಿ ಬೆಳಕಿಗೆ ಗಟ್ಟಿ, ಹಳದಿ ನಾಜೂಕು. ವರ್ಷಗಳು ಕಳೆದಂತೆ ಹಳದಿ ಹಾರಿಹೋಗಿ ನೀಲಿ ಉಳಿಯುತ್ತದೆ. ಯೂರೋಪಿನ ಮ್ಯೂಸಿಯಂಗಳಲ್ಲೂ ಇಂಥ ನೀಲಿ ಕಾಡುಗಳು ಬೇಕಾದಷ್ಟಿವೆ. ಕೆಂಪಿಗೆ ಮಂಜಿಷ್ಠದ ಜಾತಿಯ ಬೇರು, ಅದು ಚೆನ್ನಾಗಿ ತಾಳುತ್ತದೆ. ಗಾಢ ಕಂದು, ಕಪ್ಪಿಗೆ ಕಬ್ಬಿಣದ ಉಪ್ಪು ಸೇರಿಸುತ್ತಿದ್ದರು. ಆ ಕಬ್ಬಿಣ ಉಣ್ಣೆಯನ್ನೇ ಒಳಗಿಂದ ತಿನ್ನುತ್ತದೆ. ನಿಮ್ಮ ಗೋಪುರದ ಸುತ್ತಲಿನ ಕಂದು ಗೆರೆ ಉದುರಿ, ಒಳಗಿನ ಹಾಸಿನ ದಾರ (ಮಗ್ಗದ ಉದ್ದ ಎಳೆ) ಬರಿದಾಗಿ ಕಾಣುತ್ತಿದೆ ನೋಡಿ. ಅದು ನುಸಿಯ ಕೆಲಸವಲ್ಲ, ಬಣ್ಣದ್ದೇ.

ಸೀಳಿಗೂ ಕಾರಣ ನೇಯ್ಗೆಯಲ್ಲೇ ಇದೆ. ಹಿಂದೆ ಹೇಳಿದ ಹಾಗೆ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಕಡೆ, ಎರಡರ ನಡುವೆ ಉದ್ದನೆ ಕಿಂಡಿ ಉಳಿಯುತ್ತದೆ. ಅದನ್ನು ಆಮೇಲೆ ಸೂಜಿ ದಾರದಲ್ಲಿ ಹೊಲಿಯುತ್ತಾರೆ. ಇನ್ನೂ ಒಂದು ವಿಷಯ. ಟ್ಯಾಪೆಸ್ಟ್ರಿಯನ್ನು ಮಗ್ಗದಲ್ಲಿ ಅಡ್ಡಡ್ಡ ನೇಯ್ದು, ಗೋಡೆಗೆ ಹಾಕುವಾಗ ತಿರುಗಿಸುತ್ತಾರೆ. ಆಗ ಗಟ್ಟಿಯಾದ ಹಾಸಿನ ದಾರ ಅಡ್ಡಕ್ಕೆ ಮಲಗುತ್ತದೆ, ಇಡೀ ಭಾರ ಮೆತ್ತನೆಯ ಹೊಕ್ಕಿನ ಮೇಲೆ, ಆ ಹಳೆಯ ಹೊಲಿಗೆಯ ಮೇಲೆ ಬೀಳುತ್ತದೆ. ಹೊಲಿಗೆ ಸವೆದು ಕಿಂಡಿ ಬಾಯಿ ಬಿಡುತ್ತದೆ. ನಿಮ್ಮ ಬಟ್ಟೆಯಲ್ಲಿ ಇರುವ ಆರು ಸೀಳುಗಳಲ್ಲಿ ನಾಲ್ಕು ಹೀಗೆ ಹೊಲಿಗೆ ಬಿಟ್ಟದ್ದು. ಅದು ಒಳ್ಳೆಯ ಸುದ್ದಿ. ಹರಿದ ಬಟ್ಟೆಗಿಂತ ಬಿಚ್ಚಿದ ಹೊಲಿಗೆಯನ್ನು ಸರಿಮಾಡುವುದು ಸುಲಭ.

ಇದು ಗೋಬ್ಲಾದ್ದೇ? ಇರಲಿಕ್ಕಿಲ್ಲ. ನಿಮ್ಮ ಸ್ಕೇಲಿನ ಪಕ್ಕ ಎಣಿಸಿದೆ, ಒಂದು ಸೆಂಟಿಮೀಟರಿಗೆ ನಾಲ್ಕೈದು ಹಾಸಿನ ಎಳೆ. ಗೋಬ್ಲಾದ ನೇಯ್ಗೆ ಇದಕ್ಕಿಂತ ಎಷ್ಟೋ ನಯ. ಈ ಬಗೆಯ ಒರಟು ನೇಯ್ಗೆ, ಕಾಡು, ಹಕ್ಕಿ, ದೂರದ ಗೋಪುರ, ಇವನ್ನೆಲ್ಲ ನೋಡಿದರೆ ನನಗೆ ನೆನಪಾಗುವುದು ಓಬ್ಯುಸೊಂ. ಫ್ರಾನ್ಸಿನ ನಡುಭಾಗದಲ್ಲಿ ಕ್ರ್ಯೋಜ್ ಹೊಳೆಯ ದಂಡೆಯ ಸಣ್ಣ ಊರು. 1665ರಲ್ಲಿ ರಾಜರ ಕಾರ್ಖಾನೆ ಎಂಬ ಬಿರುದು ಸಿಕ್ಕಿತು. ಆದರೆ ಬಿರುದು ಮಾತ್ರ. ಗೋಬ್ಲಾದ ಹಾಗೆ ರಾಜನ ಸಂಬಳದ ನೇಕಾರರು ಅವರಲ್ಲ, ತಮ್ಮ ಮನೆಯ ಮಗ್ಗದಲ್ಲಿ ನೇಯ್ದು, ಉಳ್ಳವರ ಮನೆಗಳಿಗೆ ಮಾರುತ್ತಿದ್ದ ಕುಟುಂಬಗಳು. 1685ರಲ್ಲಿ ರಾಜ ಪ್ರೊಟೆಸ್ಟೆಂಟರಿಗಿದ್ದ ರಕ್ಷಣೆ ಕಿತ್ತುಕೊಂಡಾಗ ಅವರಲ್ಲಿ ಎಷ್ಟೋ ಜನ ಊರು ಬಿಟ್ಟರು. ಉಳಿದವರು ಮುಂದುವರಿಸಿದರು. ಇವತ್ತಿಗೂ ಅಲ್ಲಿ ನೇಯ್ಗೆ ನಡೆಯುತ್ತಿದೆ, 2009ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿತು. ಇದು ಹದಿನೆಂಟನೇ ಶತಮಾನದ್ದೋ ಅಥವಾ ಆ ಮಾದರಿಯನ್ನೇ ನೋಡಿ ಹತ್ತೊಂಬತ್ತರಲ್ಲಿ ನೇಯ್ದದ್ದೋ ಎಂಬುದನ್ನು ಎದುರಿಗೆ ಇಟ್ಟುಕೊಂಡು, ಬಣ್ಣ ಪರೀಕ್ಷಿಸಿ ಹೇಳಬೇಕು. ಕೈಮಗ್ಗದ್ದು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಇದರ ಹಿಂದೆ ಎಷ್ಟು ಕೆಲಸ ಇದೆ ಗೊತ್ತಾ? ಇವತ್ತು ಗೋಬ್ಲಾದಲ್ಲಿ ಒಬ್ಬ ನೇಕಾರ ಒಂದು ವರ್ಷಕ್ಕೆ ನೇಯುವುದು ಹೆಚ್ಚು ಕಡಿಮೆ ಒಂದು ಚದರ ಮೀಟರ್. ಒರಟು ನೇಯ್ಗೆ ಅದಕ್ಕಿಂತ ಬೇಗ ಸಾಗುತ್ತದೆ, ಆದರೂ ನಿಮ್ಮ ಟ್ರಂಕಿನಲ್ಲಿ ಯಾರದೋ ಎಷ್ಟೋ ತಿಂಗಳ ಬದುಕು ಮಡಚಿ ಬಿದ್ದಿದೆ.

ಇನ್ನೊಂದು ತಪ್ಪು ತಿಳಿವಳಿಕೆ. ಮಾವನವರು ಎಲ್ಲೋ ‘ಇಂಡೀಸ್’ ಎಂಬ ಗೋಬ್ಲಾ ಸರಣಿಯ ಬಗ್ಗೆ ಓದಿ, ಇದು ನಮ್ಮ ದೇಶದ ಕಾಡು ಅಂತ ಹೇಳ್ತಾರಂತೆ. ಆ ಸರಣಿ ಇದೆ, 1687ರಿಂದ ನೇಯ್ದದ್ದು. ಆದರೆ ಅದರಲ್ಲಿರುವುದು ಬ್ರೆಜಿಲ್. ಅಲ್ಲಿಗೆ ಹೋಗಿದ್ದ ಡಚ್ ಚಿತ್ರಕಾರರ ಚಿತ್ರಗಳನ್ನು 1679ರಲ್ಲಿ ರಾಜನಿಗೆ ಕಾಣಿಕೆ ಕೊಟ್ಟಿದ್ದರು, ಅವೇ ಮಾದರಿಯಾದವು. ಆಗ ದೂರದ ದೇಶವೆಲ್ಲ ಅವರಿಗೆ ‘ಇಂಡೀಸ್’.

ಪೇಂಟ್ ಹಚ್ಚಿಸಬೇಡಿ ಅಂದೆನಲ್ಲ, ಅದಕ್ಕೆ ಗೋಬ್ಲಾದಲ್ಲೇ ಒಂದು ಪಾಠವಿದೆ. 1824ರಲ್ಲಿ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಅಲ್ಲಿನ ಬಣ್ಣದ ವಿಭಾಗದ ಮುಖ್ಯಸ್ಥನಾದ. ಕಪ್ಪು ಸರಿಯಾಗಿ ಕೂರುತ್ತಿಲ್ಲ, ಪೇಲವವಾಗಿ ಕಾಣುತ್ತದೆ ಅಂತ ದೂರು ಬಂತು. ಅವನು ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವೇ ಇಲ್ಲ. ಪಕ್ಕದಲ್ಲಿರುವ ನೀಲಿ, ನೇರಳೆಯಿಂದ ಆ ಕಪ್ಪು ಕಣ್ಣಿಗೆ ಹಾಗೆ ಕಾಣುತ್ತಿತ್ತು. 1839ರಲ್ಲಿ ಅದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ನಿಮ್ಮ ಬಟ್ಟೆಯಲ್ಲಿ ಬಣ್ಣಗಳೆಲ್ಲ ಒಟ್ಟಿಗೆ ಮಾಗಿವೆ, ಒಂದಕ್ಕೊಂದು ಹೊಂದಿಕೊಂಡಿವೆ. ಒಂದು ಮರಕ್ಕೆ ಹೊಸ ಹಸಿರು ಹಚ್ಚಿದರೆ ಪಕ್ಕದ ಆಕಾಶ, ಹಕ್ಕಿ, ನೆಲ ಎಲ್ಲ ಕೊಳೆಯಾಗಿ ಕಾಣತೊಡಗುತ್ತವೆ. ಜೊತೆಗೆ ಆ ಪೇಂಟಿನ ಅಂಟು ಉಣ್ಣೆಯನ್ನು ಬಿರುಸು ಮಾಡುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ.

ಡ್ರೈಕ್ಲೀನಿಂಗ್ ಬಗ್ಗೆ ನನ್ನ ಅನುಭವ ಹೇಳಬೇಕು. ಬಹಳ ವರ್ಷದ ಹಿಂದೆ ಒಂದು ಮನೆಯವರು ಇದಕ್ಕಿಂತ ಚಿಕ್ಕದೊಂದು ಟ್ಯಾಪೆಸ್ಟ್ರಿಯನ್ನು ಒಳ್ಳೆಯ ಉದ್ದೇಶದಿಂದಲೇ ಲಾಂಡ್ರಿಗೆ ಕೊಟ್ಟಿದ್ದರು. ಯಂತ್ರದಲ್ಲಿ ತಿರುಗಿ ಬಂದ ಮೇಲೆ ನನ್ನ ಹತ್ತಿರ ತಂದರು. ಪ್ಲಾಸ್ಟಿಕ್ ಚೀಲ ಬಿಚ್ಚಿದೆ. ತಳದಲ್ಲಿ ಒಂದು ಹಿಡಿ ಕಂದು ಪುಡಿ ಇತ್ತು. ಅದು ಧೂಳು ಅಂತ ಅವರು ಅಂದುಕೊಂಡಿದ್ದರು. ಅದು ಕುದುರೆಯೊಂದರ ಕಣ್ಣು, ಕೂದಲು, ಗೊರಸು, ಎಲ್ಲ ಕಂದು ದಾರ. ಆ ಚೀಲವನ್ನು ಹಿಡಿದು ಅವರಿಗೆ ವಿಷಯ ಹೇಳಿದ್ದು ನನಗೆ ಇವತ್ತಿಗೂ ಮರೆಯಲು ಆಗಿಲ್ಲ. ಯೂರೋಪಿನಲ್ಲಿ ಇಂಥವನ್ನು ತೊಳೆಯುವ ಜಾಗಗಳಿವೆ. ಬೆಲ್ಜಿಯಂನ ಮೆಹೆಲೆನ್ ಊರಿನಲ್ಲಿ ಬಟ್ಟೆಯನ್ನು ಮಟ್ಟಸವಾಗಿ ಹಾಸಿ, ಮೇಲಿಂದ ಮಂಜಿನಂತೆ ನೀರು ಬಿಟ್ಟು, ಕೆಳಗಿನಿಂದ ಅದೇ ಹೊತ್ತಿಗೆ ಹೀರಿಕೊಳ್ಳುತ್ತಾರೆ. ಅದಕ್ಕೂ ಮೊದಲು ಒಂದೊಂದು ಬಣ್ಣ ನೀರಿಗೆ ಬಿಡುತ್ತದಾ ಅಂತ ನೋಡುತ್ತಾರೆ. ಅಷ್ಟು ಜಾಗ್ರತೆ ಇಲ್ಲದಿದ್ದರೆ ತೊಳೆಯದೆ ಇರುವುದೇ ವಾಸಿ.

ಲಂಡನ್ನಿನ ವಿಷಯ ಇನ್ನೂ ಗಂಭೀರ. ನಮ್ಮಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಫ್ರಾನ್ಸಿನಲ್ಲಿ ಮಾಡಿದ್ದು, ನಮ್ಮದಲ್ಲವಲ್ಲ ಎಂದು ವಾದಿಸಿ ವಿಮಾನ ನಿಲ್ದಾಣದಲ್ಲಿ ಪಾರಾಗಬಹುದು ಅಂದುಕೊಳ್ಳಬೇಡಿ. ವಸ್ತು ಜಪ್ತಿಯಾಗಬಹುದು, ಜೈಲು ಶಿಕ್ಷೆಯೂ ಕಾಯ್ದೆಯಲ್ಲಿದೆ. ನೂರು ವರ್ಷ ಆಗಿಲ್ಲ ಎಂದು ಪುರಾತತ್ವ ಇಲಾಖೆ ಪ್ರಮಾಣಪತ್ರ ಕೊಟ್ಟರೆ ಮಾತ್ರ ಒಯ್ಯಬಹುದು, ನಿಮ್ಮ ಎರಡಕ್ಕೂ ಅದು ಸಿಗುವ ಹಾಗೆ ಕಾಣುವುದಿಲ್ಲ. ಮಗ ಒಳ್ಳೆಯ ಫೋಟೋಗಳನ್ನು ಒಯ್ಯಲಿ, ಸಾಕು.

ಹಾಗಾದರೆ ಏನು ಮಾಡಬೇಕು? ದುಡ್ಡು ಹಾಕುವುದಿದ್ದರೆ ಬಟ್ಟೆಗೆ ಹಾಕಿ. ನಿಮ್ಮೂರಿನಲ್ಲೇ ಕೇಂದ್ರ ಸರ್ಕಾರ ನಡೆಸುವ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಕಾಪಾಡುವ ಇನ್‌ಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಮೊದಲು ಎರಡೂ ಕಡೆ ಫೋಟೋ ತೋರಿಸಿ ಮಾತಾಡಿ. ಉಣ್ಣೆ ಟ್ಯಾಪೆಸ್ಟ್ರಿ ಕೆಲಸ ಮಾಡಿದವರು ಯಾರಿದ್ದಾರೆ ಅಂತಲೇ ಕೇಳಿ. ಅವರು ಎರಡು ದಾರಿ ಹೇಳಬಹುದು. ಒಂದು, ಸೀಳುಗಳನ್ನು ಹೊಲಿದು, ಹಿಂದೆ ಲಿನನ್ ಬಟ್ಟೆಯ ಆಸರೆ ಕೊಟ್ಟು, ಉದುರಿದ ಜಾಗವನ್ನು ಹಾಗೇ ಬಿಡುವುದು. ಇನ್ನೊಂದು, ಉದುರಿದ ಕಡೆ ಹೊಸ ಉಣ್ಣೆಯಲ್ಲಿ ಮತ್ತೆ ನೇಯುವುದು. ನಾನಾದರೆ ಮೊದಲನೆಯದನ್ನು ಆರಿಸುತ್ತೇನೆ. ಎರಡನೆಯದು ಕಣ್ಣಿಗೆ ಚೆಂದ, ಆದರೆ ಹೊಸ ದಾರ ಹಳೆಯದನ್ನು ಎಳೆಯುತ್ತದೆ, ಮುಂದೆ ಬೆಳಕಿಗೆ ಬೇರೆ ರೀತಿ ಮಾಸುತ್ತದೆ, ಖರ್ಚೂ ಬಹಳ ಜಾಸ್ತಿ. ಆಸರೆ ಕೊಟ್ಟ ಮೇಲೆ ಗೋಡೆಗೆ ಹಾಕಬಹುದು. ಮೇಲಂಚಿನ ಉದ್ದಕ್ಕೂ ವೆಲ್ಕ್ರೋ ಪಟ್ಟಿ ಹೊಲಿದು ಹಾಕಬೇಕು, ಮೊಳೆ, ರಿಂಗು ಬೇಡ. ಹಾಲ್‌ನ ಕಿಟಕಿಯ ಎದುರಿನ ಗೋಡೆ ಬೇಡ. ಮ್ಯೂಸಿಯಂಗಳು ಇವಕ್ಕೆ ಬಿಡುವ ಬೆಳಕು 50 ಲಕ್ಸ್, ಅಂದರೆ ಸಂಜೆ ಒಂದು ಸಣ್ಣ ಬಲ್ಬ್ ಉರಿದಷ್ಟು.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪ. ಟ್ರಂಕಿನಿಂದ ಹೊರಗೆ ತೆಗೆಯಿರಿ. ನುಸಿಗುಳಿಗೆಗಳನ್ನು ತೆಗೆದುಹಾಕಿ, ಅದರ ವಾಸನೆ ನಿಮಗೂ ಒಳ್ಳೆಯದಲ್ಲ. ಒಂದು ಮಂಚದ ಮೇಲೆ ಒಗೆದ ಮಲ್ಮಲ್ ಹಾಸಿ, ಅದರ ಮೇಲೆ ಬಟ್ಟೆಯನ್ನು ಮಟ್ಟಸವಾಗಿ ಬಿಡಿಸಿ. ಮಡಿಕೆಯ ಗೆರೆಗಳಲ್ಲಿ ಅಕ್ಕಿ ಕಾಳಿನಂಥ ಹುಳು, ಜಾಳಿಗೆಯಂಥ ಗೂಡು ಕಂಡರೆ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಜೀವಂತ ಹುಳು ಇದ್ದರೆ ಪ್ರಯೋಗಾಲಯಕ್ಕೆ ತಕ್ಷಣ ಹೇಳಿ, ತೀರಾ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಕೊಲ್ಲುವ ವಿಧಾನ ಇದೆ. ಆಮೇಲೆ ದಪ್ಪ ರಟ್ಟಿನ ಕೊಳವೆಗೆ ಮಲ್ಮಲ್ ಸುತ್ತಿ, ಹಾಸಿನ ದಾರದ ದಿಕ್ಕಿನಲ್ಲಿ, ಚಿತ್ರ ಹೊರಗೆ ಬರುವ ಹಾಗೆ ಸುತ್ತಿಡಿ. ಮತ್ತೆ ಮಡಚಬೇಡಿ.

ಸುತ್ತುವ ಮೊದಲು ನನಗೆ ಇನ್ನೂ ಒಂದು ಫೋಟೋ ಬೇಕು. ಕೆಳಗಿನ ಬಲ ಮೂಲೆಯಲ್ಲಿ ಕಂದು ಟೇಪು ಹೊಲಿದಿದ್ದಾರೆ. ಅದರ ಕೆಳಗೆ ಅರ್ಧ ಇಂಚಿನಷ್ಟು ನೀಲಿ ಅಂಚು ಇಣುಕುತ್ತಿದೆ. ಹಳೆಯ ಓಬ್ಯುಸೊಂ ನೇಕಾರರು ಆ ನೀಲಿ ಅಂಚಿನಲ್ಲೇ ಎಂ.ಆರ್.ಡಿ. (‘ರಾಜರ ಕಾರ್ಖಾನೆ’ ಎಂಬುದರ ಫ್ರೆಂಚ್ ಚುಟುಕು) ಎಂಬ ಅಕ್ಷರಗಳನ್ನೂ ತಮ್ಮ ಹೆಸರಿನ ಮೊದಲಕ್ಷರಗಳನ್ನೂ ನೇಯುತ್ತಿದ್ದರು. ಟೇಪನ್ನು ಕತ್ತರಿಸಬೇಡಿ, ಬಿಚ್ಚಲೂ ಬೇಡಿ. ಬೆರಳಿನಿಂದ ಮೆಲ್ಲಗೆ ಮಡಚಿ ಹಿಡಿದು, ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದು ಕಳಿಸಿ.